ಟೈರ್ ಕೆಲಸ ಕಲಿಕೆ: ಆರನೇ ವಾರ

ಹಾಸನದ ಹೊರಗೆ, ಬೆಂಗಳೂರು–ಮಂಗಳೂರು ಹೆದ್ದಾರಿ ಪಕ್ಕದ ಟೈರ್ ಅಂಗಡಿಗೆ ಸೇರಿ ಆರು ವಾರ ಆಯಿತು. ಮೊದಲ ಎರಡು ವಾರದಲ್ಲಿ ಬರೆಯೋಕೆ ಏನೂ ಇರಲಿಲ್ಲ. ಗಾಳಿ ಹೊಡಿ, ಟೀ ತಾ, ಕಸ ಗುಡಿಸು, ಅಷ್ಟೇ. ಈಗ ಕೈಗೆ ಪಾನಾ ಬಂದಿದೆ. ಹೆಬ್ಬೆರಳಿನ ಉಗುರು ಕಪ್ಪಾಗಿದೆ.

ಟ್ಯೂಬ್‌ಲೆಸ್ ಪಂಚರ್ ಈಗ ಒಬ್ಬನೇ ಹಾಕುತ್ತೇನೆ. ಸೋಪು ನೀರು ಹಚ್ಚಿ ಗುಳ್ಳೆ ಹುಡುಕೋದು, ಸೀಮೆಸುಣ್ಣದಲ್ಲಿ ಗುರುತು ಹಾಕೋದು ಸುಲಭ. ಮೊಳೆ ಕೀಳೋವಾಗ ಮಾತ್ರ ಕಣ್ಣು ಅಲ್ಲೇ ಇರಬೇಕು. ಮೊಳೆ ಯಾವ ಓರೆಯಲ್ಲಿ ಹೋಗಿದೆಯೋ ಅದೇ ಓರೆಯಲ್ಲಿ ರೀಮರ್, ಅಂದರೆ ತೂತನ್ನು ಉಜ್ಜಿ ಸರಿಮಾಡೋ ಒರಟು ಕಡ್ಡಿ, ಹೋಗಬೇಕು. ನೇರ ತಳ್ಳಿದರೆ ಒಳಗೆ ಇನ್ನೊಂದು ತೂತು ಆಗುತ್ತದೆ. ಆಮೇಲೆ ಅಂಟು ಬಳಿದ ರಬ್ಬರ್ ಹುರಿಯನ್ನು ಸೂಜಿಗೆ ಪೋಣಿಸಿ ತುರುಕಿ, ಸೂಜಿಯನ್ನು ಒಂದೇ ಜಗ್ಗಿಗೆ ಎಳೆಯಬೇಕು. ನಿಧಾನ ಮಾಡಿದರೆ ಹುರಿಯೂ ಜೊತೆಗೇ ಬರುತ್ತದೆ. ನನಗೆ ಎರಡು ಸಲ ಬಂತು.

ಟೈರಿನ ಪಕ್ಕದಲ್ಲಿ ತೂತಾದರೆ ಮೇಸ್ತ್ರಿ ಮುಟ್ಟೋದೇ ಇಲ್ಲ. ಆ ಭಾಗ ಪ್ರತಿ ಸುತ್ತಿಗೂ ಬಾಗುತ್ತದೆ, ಹುರಿ ನಿಲ್ಲಲ್ಲ. ಒಬ್ಬರು ಅರ್ಧ ಗಂಟೆ ಜಗಳ ಮಾಡಿದರು. ‘ಸ್ಟೆಪ್ನಿ ಹಾಕಿ ಕಳಿಸ್ತೀನಿ ಸಾರ್, ಇದಕ್ಕೆ ಕೈ ಹಾಕಲ್ಲ’ ಅಂದುಬಿಟ್ಟರು ಮೇಸ್ತ್ರಿ.

ಟೈರ್ ಮೇಲಿನ ಅಕ್ಷರ ಓದೋದು ಈಗ ಚಟ ಆಗಿದೆ. 165/80 R14 ಅಂದರೆ ಅಗಲ 165 ಮಿಲಿಮೀಟರ್, ಪಕ್ಕದ ಎತ್ತರ ಆ ಅಗಲದ ನೂರಕ್ಕೆ 80, ರಿಮ್ 14 ಇಂಚು. DOT ಅಂತ ಶುರುವಾಗೋ ಇನ್ನೊಂದು ಸಾಲಿನ ಕೊನೆಯ ನಾಲ್ಕು ಅಂಕಿ ಟೈರ್ ತಯಾರಾದ ವಾರ ಮತ್ತು ವರ್ಷ. ಭಾನುವಾರ ಮಾವನ ಕಾರಿನ ಸ್ಟೆಪ್ನಿ ನೋಡಿದೆ: 0816. ಅಂದರೆ 2016ರ ಎಂಟನೇ ವಾರ. ಗ್ರಿಪ್ ಒಂಚೂರೂ ಸವೆದಿಲ್ಲ, ಪಕ್ಕದಲ್ಲಿ ಮಾತ್ರ ಕೂದಲೆಳೆಯಂಥ ಬಿರುಕು. ‘ಒಂದಿನಾನೂ ಹಾಕಿಲ್ಲ ಕಣೋ, ಹೊಸದೇ ಅಲ್ವಾ?’ ಅಂದರು ಮಾವ.

ಗುರುವಾರದ ಕಥೆ ಬರೆಯಲೇಬೇಕು. ಸಕಲೇಶಪುರ ಕಡೆಯ ಕಾರು ಬಂತು. 80 ದಾಟಿದರೆ ಸ್ಟೇರಿಂಗ್ ನಡುಗುತ್ತದೆ ಅಂದರು. ಚಕ್ರ ಬಿಚ್ಚಿ ಬ್ಯಾಲೆನ್ಸಿಂಗ್ ಮೆಷಿನ್‌ಗೆ ಏರಿಸಿದೆ. ಚಕ್ರದ ಎಲ್ಲಿ ಎಷ್ಟು ತೂಕ ಸೇರಿಸಬೇಕು ಅಂತ ಅದು ಹೇಳುತ್ತದೆ. ರಿಮ್ ಅಳತೆ ಕೊಟ್ಟೆ, ತಿರುಗಿಸಿದೆ. ಒಳಬದಿಗೆ 85 ಗ್ರಾಂ ಕೇಳಿತು. ಜಾಸ್ತಿ ಅನಿಸಿತು, ಆದರೂ ಮೆಷಿನ್ ಹೇಳಿದೆಯಲ್ಲ ಅಂತ ಸೀಸದ ತುಂಡುಗಳನ್ನು ಸಾಲಾಗಿ ಬಡಿದೆ. ಮತ್ತೆ ತಿರುಗಿಸಿದರೆ ಎರಡೂ ಕಡೆ ಸೊನ್ನೆ. ಖುಷಿಯಾಯಿತು.

ಮೇಸ್ತ್ರಿ ಬಂದು ಆ ಸೀಸದ ಸಾಲು ನೋಡಿದರು. ಏನೂ ಹೇಳದೆ ಹಳೇ ಸ್ಕ್ರೂಡ್ರೈವರ್ ತಗೊಂಡು ರಿಮ್ಮಿನ ಒಳಗೆ ಕೆರೆದರು. ಒಣಗಿದ ಕೆಂಪು ಮಣ್ಣು, ಇಟ್ಟಿಗೆ ಚೂರಿನ ಹಾಗೆ, ಒಂದು ಬೊಗಸೆ ಬಿತ್ತು.

‘ಮಣ್ಣಿಗೆ ಸೀಸ ಕಟ್ಟಿದೀಯಲ್ಲೋ! ಇವರು ಆಲೂರು ದಾಟೋಷ್ಟರಲ್ಲಿ ಮಣ್ಣು ಉದುರುತ್ತೆ. ಆಮೇಲೆ ನಿನ್ನ ಸೀಸಾನೇ ಗಾಡಿ ಅಲ್ಲಾಡಿಸುತ್ತೆ.’

ಸೀಸ ಎಲ್ಲ ಕಿತ್ತು, ತೊಳೆದು ಮತ್ತೆ ಹಾಕಿದಾಗ ಒಳಗೆ 15, ಹೊರಗೆ 10 ಗ್ರಾಂ ಸಾಕಾಯಿತು. ಈಗ ಯಾವ ಚಕ್ರ ಬಂದರೂ ಮೊದಲು ಕೈ ಒಳಗೆ ಹಾಕಿ ಸವರುತ್ತೇನೆ.

ನಟ್ಟು ಬಿಗಿಯೋದರಲ್ಲಿ ಇನ್ನೂ ಬೈಸಿಕೊಳ್ಳುತ್ತಿದ್ದೇನೆ. ನಟ್ಟು ತಿರುಗಿಸೋ ಗಾಳಿ ಗನ್ ಹಿಡಿದರೆ ಅದರಲ್ಲೇ ಪೂರ್ತಿ ಬಿಗಿಯೋ ಆಸೆ. ಅದು ಬರೀ ನಟ್ಟು ಕೂರಿಸೋಕೆ. ಎದುರುಬದುರಾಗಿ ಬಿಗಿದು, ಗಾಡಿ ಇಳಿಸಿ, ಕೊನೆಗೆ ಟಾರ್ಕ್ ಪಾನಾದಲ್ಲಿ, ಅಂದರೆ ಬೇಕಾದಷ್ಟು ಬಿಗಿಯಾದಾಗ ಸದ್ದು ಮಾಡೋ ಪಾನಾದಲ್ಲಿ, ‘ಟಕ್’ ಅನ್ನಿಸಬೇಕು. ಗನ್‌ನಲ್ಲೇ ಪೂರ್ತಿ ಬಿಗಿದರೆ ದಾರಿಯಲ್ಲಿ ಪಂಚರ್ ಆದಾಗ ಗಾಡಿಯವರು ಪಾನಾ ಮೇಲೆ ನಿಂತು ಕುಣಿದರೂ ನಟ್ಟು ಅಲ್ಲಾಡಲ್ಲ.

ಲಾರಿ ಚಕ್ರ ಇನ್ನೂ ಕೊಟ್ಟಿಲ್ಲ. ಟೈರನ್ನು ಹಿಡಿದಿಡೋ ಕಬ್ಬಿಣದ ರಿಂಗ್ ಇರೋ ರಿಮ್ಮಿಗೆ ಗಾಳಿ ತುಂಬೋವಾಗ ಆ ರಿಂಗ್ ಸಿಡಿದರೆ ಆಳು ಉಳಿಯಲ್ಲ. ಅದಕ್ಕೇ ಚಕ್ರವನ್ನು ಕಬ್ಬಿಣದ ಪಂಜರದಲ್ಲಿಟ್ಟು, ಉದ್ದ ಪೈಪಿನಲ್ಲಿ ದೂರ ನಿಂತು ತುಂಬುತ್ತಾರೆ. ನಾನು ಇನ್ನೂ ದೂರ ನಿಂತು ನೋಡುತ್ತೇನೆ, ನನಗೇನೂ ಅವಸರ ಇಲ್ಲ.

ಮುಂದಿನ ವಾರ ಅಲೈನ್ಮೆಂಟ್, ಅಂದರೆ ಚಕ್ರಗಳ ಓರೆ ಸರಿಮಾಡೋ ಕೆಲಸದ ಹತ್ತಿರ ನಿಲ್ಲಿಸುತ್ತಾರಂತೆ. ಮಾವ ಸ್ಟೆಪ್ನಿ ಇನ್ನೂ ಬದಲಾಯಿಸಿಲ್ಲ.