ಒದ್ದೆ ಕೈಯ ಚಳಿ

11 ಜನವರಿ, ಭಾನುವಾರ
ಕೋಥ್ರೂಡ್, ಪುಣೆ

ಈ ದಿನ ನಸುಕಿನಲ್ಲೇ ಎದ್ದು, ಐದು ಗಂಟೆಗೆ ಮನೆ ಬಿಟ್ಟು, ಕಾಕಾ ಅವರೊಂದಿಗೆ ಪಾನ್‌ಶೇತ್ ಹಿನ್ನೀರಿಗೆ ಗಾಳ ಹಾಕಲು ಹೋಗಿ ಮಧ್ಯಾಹ್ನ ಒಂದರ ಹೊತ್ತಿಗೆ ಮರಳಿದೆ. ಸಿಕ್ಕ ಮೀನು ಮೂರೇ. ಆದರೂ ಮಾಗಿಯ ಚಳಿಯಲ್ಲಿ ಐದು ಗಂಟೆಗೂ ಹೆಚ್ಚು ಕಾಲ ನೀರಿನ ದಂಡೆಯಲ್ಲಿ ಕುಳಿತು, ಬೆರಳುಗಳು ಒಮ್ಮೆಯೂ ಮರಗಟ್ಟದೆ ಮನೆಗೆ ಬಂದದ್ದು ನನ್ನ ಪಾಲಿಗೆ ಇದೇ ಮೊದಲು. ಅದು ಹೇಗೆ ಸಾಧ್ಯವಾಯಿತೆಂಬುದನ್ನು ಮರೆಯುವ ಮುನ್ನ ಬರೆದಿಡಬೇಕೆನಿಸಿದೆ.

ಕಾಕಾ ನನಗೆ ರಕ್ತಸಂಬಂಧಿಯಲ್ಲ. ವಿಜಯಪುರ ಜಿಲ್ಲೆಯ ಕೃಷ್ಣಾ ತೀರದ ಊರಿನವರು; ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ದುಡಿದು ನಿವೃತ್ತರಾಗಿ, ನಮ್ಮದೇ ಕಟ್ಟಡದ ಮೇಲಿನ ಮಹಡಿಯಲ್ಲಿ ವಾಸವಾಗಿದ್ದಾರೆ. ಇಲ್ಲಿರುವ ಕನ್ನಡದ ಮನೆಗಳವರೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತಾರೆ. ಹಿನ್ನೀರಿನ ಮೀನುಗಾರರ ಸಹಕಾರಿ ಸಂಘದವರ ಪರಿಚಯವೂ ಅವರಿಗಿರುವುದರಿಂದ ಒಪ್ಪಿಗೆ ಕೇಳಿ, ಬಲೆ ಬಿಟ್ಟಿರುವ ಜಾಗಗಳನ್ನು ತಪ್ಪಿಸಿ ಕೂರುವುದು ನಮ್ಮ ರೂಢಿ.

ಉತ್ತರ ಭಾರತದಿಂದ ಬಂದವರಿಗೆ ಪುಣೆಯ ಚಳಿ ದೊಡ್ಡದೆನಿಸದಿರಬಹುದು. ಆದರೆ 17 ಜನವರಿ 1935ರಂದು ಇದೇ ಊರಿನಲ್ಲಿ 1.7 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಈಗಲೂ ಮೋಡವಿಲ್ಲದ ಜನವರಿಯ ರಾತ್ರಿಗಳಲ್ಲಿ ನೆಲ ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು, ಬೆಟ್ಟದ ಇಳಿಜಾರಿನ ತಂಪು ಗಾಳಿ ಭಾರವಾಗಿ ಕಣಿವೆಗೆ ಜಾರಿ, ಅಣೆಕಟ್ಟಿನ ಹಿನ್ನೀರಿನ ಸುತ್ತಲಿನ ತಗ್ಗುಗಳಲ್ಲಿ ನಗರಕ್ಕಿಂತ ಹೆಚ್ಚು ಕೊರೆಯುತ್ತದೆ. ನಾವು ದಂಡೆಗೆ ಇಳಿದಾಗ ಆರೂಕಾಲು. ಸೂರ್ಯೋದಯಕ್ಕೆ ಇನ್ನೂ ಮುಕ್ಕಾಲು ಗಂಟೆಯಿತ್ತು. ನೀರಿನ ಮೇಲೆ ಮಂಜು ಹೊಗೆಯಂತೆ ಏಳುತ್ತಿತ್ತು. ಮನೆಯ ಮೀನಿನ ತೊಟ್ಟಿಗೆಂದು ತಂದಿದ್ದ ಗಾಜಿನ ತಾಪಮಾಪಕವನ್ನು ಈ ಸಲ ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ. ಗಾಳಿಯಲ್ಲಿ ಹಿಡಿದಾಗ ಅದು 9 ಡಿಗ್ರಿ ತೋರಿಸಿತು. ದಾರ ಕಟ್ಟಿ ನೀರಿಗೆ ಇಳಿಬಿಟ್ಟು ಐದು ನಿಮಿಷ ಕಾದು ತೆಗೆದರೆ 21 ಡಿಗ್ರಿ!

ಈ 12 ಡಿಗ್ರಿಯ ಅಂತರವನ್ನು ನೋಡಿದ ಮೇಲೆ ನನ್ನ ಹಿಂದಿನ ವರ್ಷಗಳ ತಪ್ಪು ಅರ್ಥವಾಯಿತು. ನೀರು ತಣ್ಣಗಿದೆ, ಆದ್ದರಿಂದ ಕೈ ತಣ್ಣಗಾಗುತ್ತದೆ ಎಂದು ಭಾವಿಸಿ ನೀರಿಗೆ ಹೆದರುತ್ತಿದ್ದೆ. ನೀರಿನಿಂದ ಕೈ ಹೊರತೆಗೆದ ಮೇಲೆ ಅದನ್ನು ಪ್ಯಾಂಟಿಗೆ ಒಂದು ಸಲ ತಿಕ್ಕಿ ಸುಮ್ಮನಾಗುತ್ತಿದ್ದೆ. ನಿಜವಾದ ಕಷ್ಟ ಶುರುವಾಗುವುದೇ ಅಲ್ಲಿಂದ. ಬೇಸಿಗೆಯಲ್ಲಿ ಮಣ್ಣಿನ ಗಡಿಗೆಯ ನೀರು ಏಕೆ ತಂಪಾಗುತ್ತದೆಂಬುದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು: ಹೊರಮೈಗೆ ಜಿನುಗಿದ ನೀರು ಆವಿಯಾಗುವಾಗ ಗಡಿಗೆಯ ಶಾಖವನ್ನು ಹೊತ್ತೊಯ್ಯುತ್ತದೆ. ಒದ್ದೆ ಕೈ ಎಂದರೆ ಚಳಿಗಾಲದಲ್ಲಿ ಗಾಳಿಗಿಟ್ಟ ಗಡಿಗೆಯೇ. ಒಂದು ಗ್ರಾಂ ನೀರು ಚರ್ಮದ ಮೇಲೆ ಆರಲು ಸುಮಾರು 580 ಕ್ಯಾಲರಿ ಶಾಖ ಬೇಕು. ಎರಡೂ ಕೈಗಳಿಗೆ ಅಂಟಿದ ನೀರು ಒಂದು ಚಮಚದಷ್ಟು, ಅಂದರೆ 5 ಗ್ರಾಂ ಎಂದುಕೊಂಡರೂ, ಅದು ಆರುವಾಗ ಸೆಳೆಯುವ ಶಾಖ ಕಾಲು ಲೀಟರಿಗೂ ಹೆಚ್ಚು ನೀರನ್ನು 10 ಡಿಗ್ರಿಯಷ್ಟು ತಣ್ಣಗಾಗಿಸಬಲ್ಲದು. ಅದರಲ್ಲಿ ಒಂದು ಪಾಲನ್ನು ಗಾಳಿಯೂ ಕೊಡುತ್ತದೆ, ನಿಜ. ಉಳಿದುದನ್ನು ಬೆರಳುಗಳೇ ತೆರಬೇಕು. ಗಾಳ ಹಾಕುವವನು ಒಂದು ಬೆಳಗಿನಲ್ಲಿ ಎಷ್ಟು ಬಾರಿ ಕೈ ಒದ್ದೆ ಮಾಡಿಕೊಳ್ಳುತ್ತಾನೆ!

ಕಾಕಾ ಈ ಲೆಕ್ಕವನ್ನೆಲ್ಲ ಮಾಡಿದವರಲ್ಲ. ಆದರೆ ಅವರ ಹೆಗಲಿನ ಮೇಲೆ ಒಂದು, ಮೊಣಕಾಲಿನ ಮೇಲೆ ಒಂದು, ಸ್ವೆಟರಿನ ಒಳಗೆ ಎದೆಗೊತ್ತಿಕೊಂಡು ಒಂದು, ಹೀಗೆ ಹಳೆಯ ಹತ್ತಿ ಪಂಚೆಯನ್ನು ಹರಿದು ಮಾಡಿದ ಮೂರು ಬಟ್ಟೆಗಳು ಸದಾ ಇರುತ್ತವೆ. ಮೊಣಕಾಲಿನದು ಗಾಳಕ್ಕೆ ಕಟ್ಟುವ ಹಿಟ್ಟು ಮತ್ತು ಮೀನಿನ ಲೋಳೆಗೆ. ಹೆಗಲಿನದು ನೀರಿಗೆ. ಒಳಗಿನದು ಕೊನೆಯದಾಗಿ ಬೆರಳಸಂದುಗಳನ್ನೂ ಉಗುರಿನ ಬುಡವನ್ನೂ ಒತ್ತಿ ಒಣಗಿಸುವುದಕ್ಕೆ. ಮೈಯ ಶಾಖದಿಂದ ಬೆಚ್ಚಗಿರುವ ಆ ಬಟ್ಟೆಯನ್ನು ಬೇರೆ ಯಾವುದಕ್ಕೂ ಅವರು ಮುಟ್ಟುವುದಿಲ್ಲ. ಇಂದು ನಾನು ಮೊದಲ ಬಾರಿ ರೀಲಿನ ಮೇಲಿನ ಇಬ್ಬನಿ ಒರೆಸಿ, ಅದೇ ಕೈಯಲ್ಲಿ ದಾರ ಹಿಡಿಯಲು ಹೋದಾಗ ಅವರು ತಡೆದರು.

"ತಮ್ಮಾ, ಮೊದಲ ಕೈ ಒಣಾ ಮಾಡ್ಕೋ. ಗಾಳ ಎಲ್ಲಿ ಓಡಿ ಹೋಗ್ತದ?"

ಕೈಗವಸಿನ ವಿಷಯದಲ್ಲಿ ನಾನು ಸಾಕಷ್ಟು ಹಣ ಕಳೆದಿದ್ದೇನೆ. ಚರ್ಮದ ದಪ್ಪ ಕೈಗವಸು ಬೆಚ್ಚಗಿರುತ್ತದೆ, ಆದರೆ ಅದನ್ನು ಹಾಕಿಕೊಂಡು ಕೊಕ್ಕೆ ಕಟ್ಟಲು ಬಾರದು. ರಬ್ಬರಿನದರಲ್ಲಿ ನೀರು ಒಳಗೆ ಹೋಗುವುದಿಲ್ಲ, ಬೆವರು ಹೊರಗೆ ಬರುವುದಿಲ್ಲ. ಒಂದು ಗಂಟೆಯಲ್ಲಿ ಒಳಗೆಲ್ಲ ಒದ್ದೆ. ಹತ್ತಿಯದು ನೀರು ಕುಡಿದರೆ ಬರಿಗೈಗಿಂತ ಕೆಟ್ಟದ್ದು. ಉಳಿದದ್ದು ಉಣ್ಣೆ. ಉಣ್ಣೆಯ ಎಳೆ ತನ್ನ ತೂಕದ ಮೂರನೆಯ ಒಂದು ಭಾಗದಷ್ಟು ತೇವವನ್ನು ಒಳಗೆ ಹೀರಿಕೊಂಡರೂ ಚರ್ಮಕ್ಕೆ ಒದ್ದೆಯೆನಿಸುವುದಿಲ್ಲ; ಎಳೆಗಳು ಗುಂಗುರಾಗಿರುವುದರಿಂದ ನಡುವೆ ಹಿಡಿದಿಟ್ಟ ಗಾಳಿಯೂ ಸುಲಭವಾಗಿ ಹೋಗುವುದಿಲ್ಲ. ಕುರುಬರು ಮಳೆಯಲ್ಲೂ ಕಂಬಳಿಯ ಗೊಪ್ಪೆ ಹಾಕಿಕೊಂಡು ಕುರಿ ಕಾಯುವುದನ್ನು ಚಿಕ್ಕಂದಿನಿಂದ ನೋಡಿದ್ದ ನಾನು ಇದನ್ನು ಇಷ್ಟು ತಡವಾಗಿ ಗಮನಿಸಬೇಕಾಯಿತು. ಈಗ ನನ್ನ ಬಳಿಯಿರುವುದು ಉಣ್ಣೆಯ ಸಾದಾ ಕೈಗವಸು. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳ ತುದಿಯನ್ನು ಮೊದಲ ಗೆಣ್ಣಿನವರೆಗೆ ಕತ್ತರಿಸಿ, ಎಳೆ ಬಿಚ್ಚದಂತೆ ಅಂಚು ಹೊಲಿದಿದ್ದೇನೆ. ಉಂಗುರದ ಬೆರಳು ಮತ್ತು ಕಿರುಬೆರಳಿಗೆ ಕೆಲಸವಿಲ್ಲವಾದ್ದರಿಂದ ಅವು ಪೂರ್ತಿ ಮುಚ್ಚಿವೆ.

ಬೆರಳ ತುದಿ ಬರಿದಾಗಿಯೇ ಇರಬೇಕೆಂಬುದಕ್ಕೆ ಕಾರಣವಿದೆ. ಮೀನಿನ ಮೈಗೆ ತನ್ನದೇ ಶಾಖವಿಲ್ಲ; ನೀರು ತಣ್ಣಗಾದಷ್ಟೂ ಅದರ ಹಸಿವು ತಗ್ಗುತ್ತದೆ. ಜನವರಿಯ ಬೆಳಗಿನಲ್ಲಿ ರೋಹು ಮೀನು ಎರೆಯನ್ನು ಕಚ್ಚಿ ಎಳೆದುಕೊಂಡು ಓಡುವುದಿಲ್ಲ, ತುಟಿಯಿಂದ ಒತ್ತಿ ನೋಡಿ ಬಿಡುತ್ತದೆ. ಕಾಕಾ ಬೆಂಡು ಕಟ್ಟುವುದಿಲ್ಲ. ಸೀಸದ ಗುಂಡನ್ನು ತಳಕ್ಕೆ ಬಿಟ್ಟು, ದಾರವನ್ನು ತೋರುಬೆರಳಿನ ಮೇಲೆ ಹಾಯಿಸಿಕೊಂಡು, ಆ ಒಂದು ಒತ್ತಡವನ್ನು ಚರ್ಮದಿಂದ ಕೇಳುತ್ತಾರೆ. ಬೆರಳು ಮರಗಟ್ಟಿದರೆ ಆ ಕಿವಿಯೇ ಮುಚ್ಚಿಹೋಯಿತು. ಹೋದ ಚಳಿಗಾಲದಲ್ಲಿ ನನಗೆ ಅದಕ್ಕಿಂತ ಕೆಟ್ಟದ್ದು ಆಗಿತ್ತು: ಕೊಕ್ಕೆಯ ಕಣ್ಣಿಗೆ ದಾರ ಪೋಣಿಸುವಾಗ ಮೊನೆ ಹೆಬ್ಬೆರಳಿಗೆ ಮುಳ್ಳಿನವರೆಗೂ ಇಳಿದಿತ್ತು, ನನಗೆ ತಿಳಿದದ್ದು ಹಿಟ್ಟಿನ ಉಂಡೆ ಕೆಂಪಾದಾಗ. ನೋವು ಬಂದದ್ದು ಬಿಸಿಲೇರಿದ ಮೇಲೆ.

ಬೆರಳುಗಳೇ ಮೊದಲು ಮರಗಟ್ಟುವುದೇಕೆ ಎಂದರೆ, ಅವುಗಳಲ್ಲಿ ಶಾಖ ಹುಟ್ಟಿಸುವ ಸ್ನಾಯು ಬಹಳ ಕಡಿಮೆ. ಬೆರಳನ್ನು ಆಡಿಸುವ ಸ್ನಾಯುಗಳು ಹೆಚ್ಚಾಗಿ ಮುಂಗೈಯಲ್ಲಿವೆ. ಬೆರಳಿಗೆ ಬೆಚ್ಚಗೆಂದರೆ ಹರಿದು ಬರುವ ರಕ್ತವೊಂದೇ. ಮೈಗೆ ಚಳಿಯಾಯಿತೆಂದರೆ ದೇಹ ಎದೆ ಹೊಟ್ಟೆಗಳನ್ನು ಕಾಪಾಡಲು ಬೆರಳುಗಳ ರಕ್ತನಾಳಗಳನ್ನು ಬಿಗಿಹಿಡಿಯುತ್ತದೆ. ಹಾಗಾಗಿ ಕೈ ಬೆಚ್ಚಗಿರಬೇಕಾದರೆ ಮೊದಲು ತಲೆ, ಕತ್ತು, ಎದೆ ಬೆಚ್ಚಗಿರಬೇಕು. ಕಾಕಾ ಕಿವಿ ಮುಚ್ಚುವ ಟೋಪಿ, ಮಫ್ಲರ್, ಎರಡು ಸ್ವೆಟರು ತೊಟ್ಟು ಬರುವುದನ್ನು ವಯಸ್ಸಿನ ಕಾರಣಕ್ಕೆಂದು ತಿಳಿದಿದ್ದೆ. ಅವರ ಮಣಿಕಟ್ಟಿನಲ್ಲಿ ಹಳೆಯ ಕಂಬಳಿಯಿಂದ ಕತ್ತರಿಸಿದ ನಾಲ್ಕು ಬೆರಳಗಲದ ಪಟ್ಟಿಯೂ ಇರುತ್ತದೆ. ನಾಡಿ ಹಿಡಿದು ನೋಡುವ ಜಾಗದಲ್ಲಿ ಬೆರಳಿಗೆ ಹೋಗುವ ರಕ್ತ ಚರ್ಮಕ್ಕೆ ತೀರ ಹತ್ತಿರದಲ್ಲಿ ಹರಿಯುತ್ತದೆ. ಅಂಗಿಯ ತೋಳಿಗೂ ಕೈಗವಸಿಗೂ ನಡುವೆ ಬರಿದಾಗಿ ಉಳಿಯುವ ಜಾಗವೂ ಅದೇ.

ಈ ವಿಷಯದಲ್ಲಿ ನನಗೆ ತುಂಬ ಹಿಡಿಸಿದ ಸಂಗತಿಯೊಂದಿದೆ. ಬೆರಳನ್ನು ಮಂಜುಗಡ್ಡೆಯ ನೀರಿನಲ್ಲಿ ಅದ್ದಿಟ್ಟರೆ, ಮೊದಲು ಬಿಗಿದುಕೊಂಡ ರಕ್ತನಾಳಗಳು ಕೆಲವು ನಿಮಿಷಗಳ ಬಳಿಕ ತಾವಾಗಿಯೇ ಸಡಿಲಗೊಂಡು ಬೆರಳಿಗೆ ಬಿಸಿ ರಕ್ತ ನುಗ್ಗುತ್ತದೆ, ಮತ್ತೆ ಬಿಗಿಯುತ್ತವೆ, ಮತ್ತೆ ಸಡಿಲುತ್ತವೆ ಎಂದು 1930ರಲ್ಲಿ ಬ್ರಿಟನ್ನಿನ ವೈದ್ಯ ಥಾಮಸ್ ಲೂಯಿಸ್ ತೋರಿಸಿಕೊಟ್ಟರು. ಕೆನಡಾದ ಗಾಸ್ಪೆ ಕರಾವಳಿಯ ಮೀನುಗಾರರನ್ನು ಪರೀಕ್ಷಿಸಿದಾಗ, ತಣ್ಣೀರಿನಲ್ಲಿ ದುಡಿದ ಅವರ ಕೈಗಳು ತಣ್ಣೀರಿನಲ್ಲೂ ಇತರರ ಕೈಗಳಿಗಿಂತ ಬೆಚ್ಚಗೆ ಉಳಿದವು. ದುಡಿಮೆ ಕೈಯ ಒಳಗಿನ ರಕ್ತದ ನಡೆಯನ್ನೇ ತಿದ್ದುತ್ತದೆಂಬುದನ್ನು ಓದಿದಾಗ, ಇದೇ ಹಿನ್ನೀರಿನಲ್ಲಿ ನಸುಕಿಗೇ ಬರಿಗೈಯಲ್ಲಿ ಬಲೆ ಎತ್ತುವವರ ನೆನಪಾಗಿ ಗೌರವ ಮೂಡಿತು. ಭಾನುವಾರಕ್ಕೊಮ್ಮೆ ಬರುವ ನಮಗೆ ಆ ರೂಢಿ ಒದಗಲಾರದು.

ಎಲ್ಲರ ಕೈಗೂ ಇದು ಒಂದೇ ಬಗೆಯದ್ದಲ್ಲ. ಹಿಂದೆ ನಮ್ಮೊಂದಿಗೆ ಬರುತ್ತಿದ್ದ ಗೆಳೆಯನೊಬ್ಬನ ಬೆರಳುಗಳು ಚಳಿಗೆ ಸುಣ್ಣದಂತೆ ಬಿಳುಚಿ, ಆಮೇಲೆ ನೀಲಿಗಟ್ಟಿ, ಕೊನೆಗೆ ಕೆಂಪಾಗಿ ಉರಿಯುತ್ತಿದ್ದವು. ಫ್ರಾನ್ಸಿನ ಮಾರಿಸ್ ರೇನೋ 1862ರಲ್ಲಿ ವಿವರಿಸಿದ ತೊಂದರೆ ಅದೆಂದು ವೈದ್ಯರು ಹೇಳಿದ ಮೇಲೆ ಆತ ಚಳಿಗಾಲದಲ್ಲಿ ಗಾಳ ಬಿಟ್ಟಿದ್ದಾನೆ. ಹಾಗೆ ಬಣ್ಣ ಬದಲಾಗುವ ಬೆರಳುಗಳಿರುವವರು ಕೈಗವಸು ಬದಲಿಸುತ್ತ ಕೂರದೆ ವೈದ್ಯರನ್ನು ಕಾಣಬೇಕು.

ಹಿಟ್ಟಿನ ಬಗ್ಗೆ ಬರೆಯದೆ ಇರಲಾರೆ, ಏಕೆಂದರೆ ಇಂದು ನನಗೆ ಹೆಚ್ಚು ಸಂತೋಷ ಕೊಟ್ಟದ್ದು ಅದೇ. ಗೋಧಿ ಹಿಟ್ಟು, ಅಕ್ಕಿ ತೌಡು, ಪುಡಿ ಮಾಡಿದ ಶೇಂಗಾ ಹಿಂಡಿ ಬೆರೆಸಿ ದಂಡೆಯಲ್ಲೇ ನೀರು ಹಾಕಿ ಕಲಸುವುದು ಎಲ್ಲರ ಪದ್ಧತಿ. ದಿನದ ಮೊದಲ ಕೆಲಸವೇ ಎರಡೂ ಕೈ ಒದ್ದೆ ಮಾಡಿಕೊಳ್ಳುವುದಾಗುತ್ತದೆ. ಕಾಕಾ ಮನೆಯಲ್ಲೇ ಕುದಿಯುವ ನೀರು ಹಾಕಿ, ರೊಟ್ಟಿಯ ಹಿಟ್ಟಿನಂತೆ ನಾದಿ, ಬೆರಳಿಗೆ ಅಂಟದಂತೆ ಒಂದು ಚಮಚ ಶೇಂಗಾ ಎಣ್ಣೆ ಸವರಿ, ಊಟ ಒಯ್ಯುವ ಅಗಲ ಬಾಯಿಯ ಥರ್ಮಾಸಿನಲ್ಲಿ ತುಂಬಿ ತಂದಿದ್ದರು. ಪ್ರತಿ ಸಲ ಎರೆ ಕಟ್ಟಲು ಕೈ ಹಾಕಿದಾಗಲೂ ಬೆರಳುಗಳು ಆ ಬೆಚ್ಚನೆಯ ಹಿಟ್ಟಿನೊಳಗೆ ಹುದುಗುತ್ತವೆ. ನಿಂಬೆಗಾತ್ರದ ಉಂಡೆಯನ್ನು ಅಂಗೈಯಲ್ಲಿ ಹೊರಳಿಸುತ್ತಿದ್ದರೆ, ಹಿಂಡಿಯ ಘಮ ಏಳುತ್ತಿದ್ದರೆ, ಹಿಟ್ಟಿನ ಶಾಖ ಗೆಣ್ಣುಗಳವರೆಗೂ ತಲುಪುತ್ತದೆ. ಒಂಬತ್ತರವರೆಗೂ ಅದು ಉಗುರುಬೆಚ್ಚಗಿತ್ತು; ಅಷ್ಟರಲ್ಲಿ ಬಿಸಿಲೂ ಬಂದಿತು.

ಕೈ ಬೆಚ್ಚಗಿಡುವ ಕಬ್ಬಿಣದ ಪುಡಿಯ ಪೊಟ್ಟಣಗಳನ್ನೂ ಜೇಬಿನಲ್ಲಿಟ್ಟಿದ್ದೆ. ಹೊರಗಿನ ಹೊದಿಕೆ ಹರಿದೊಡನೆ ಗಾಳಿ ತಾಗಿ ಕಬ್ಬಿಣ ತುಕ್ಕು ಹಿಡಿಯುತ್ತ ಶಾಖ ಬಿಡುತ್ತದೆ. ಉಪ್ಪು, ಇದ್ದಿಲು, ನೀರು ಆ ತುಕ್ಕನ್ನು ಚುರುಕುಗೊಳಿಸುತ್ತವೆ. ಮುಷ್ಟಿಯಲ್ಲಿ ಅಥವಾ ಬಿಗಿಯಾದ ಜೇಬಿನಲ್ಲಿ ಗಾಳಿ ಸಿಗದೆ ಅದು ಮಂಕಾಗುತ್ತದೆ, ಆಗಾಗ ಹೊರತೆಗೆದು ಅಲುಗಿಸಬೇಕು. ಮರಗಟ್ಟಿದ ಚರ್ಮಕ್ಕೆ ಸುಟ್ಟದ್ದೂ ತಿಳಿಯದಾದ್ದರಿಂದ ಅದನ್ನು ನೇರವಾಗಿ ಒತ್ತಿಕೊಳ್ಳದೆ ಬಟ್ಟೆಯ ಮೇಲಿಂದ ಹಿಡಿಯಬೇಕು. ಬೆಂಕಿ ಕಾಯಿಸುವುದಕ್ಕೂ ಇದೇ ಮಾತು ಸಲ್ಲುತ್ತದೆ. ಅಲ್ಲದೆ ಜನವರಿಗೆ ಸಹ್ಯಾದ್ರಿಯ ಹುಲ್ಲೆಲ್ಲ ಒಣಗಿ ನಿಂತಿರುತ್ತದೆ, ಒಂದು ಕಿಡಿಗೆ ಗುಡ್ಡವೇ ಹೊತ್ತಿಕೊಳ್ಳುತ್ತದೆ. ನಾವು ದಂಡೆಯಲ್ಲಿ ಬೆಂಕಿ ಹಾಕುವುದಿಲ್ಲ. ಕೈ ತಣ್ಣಗಾಯಿತೆನಿಸಿದರೆ ಎದ್ದು ನಿಂತು ತೋಳುಗಳನ್ನು ಭುಜದಿಂದ ಗಿರ್ರನೆ ಇಪ್ಪತ್ತು ಸುತ್ತು ತಿರುಗಿಸಿದರೆ ರಕ್ತ ಬೆರಳಿಗೆ ಇಳಿಯುತ್ತದೆ, ಇಲ್ಲವೇ ಕಂಕುಳಲ್ಲಿ ಇಟ್ಟುಕೊಂಡರಾಯಿತು. ಮದ್ಯ ಕುಡಿದರೆ ಬೆಚ್ಚಗಾಗುತ್ತದೆಂದು ನಂಬುವವರು ದಂಡೆಯಲ್ಲಿ ಇದ್ದೇ ಇರುತ್ತಾರೆ. ಚರ್ಮದ ನಾಳಗಳು ಹಿಗ್ಗಿ ಬಿಸಿಯೆನಿಸುವುದು ನಿಜ, ಆದರೆ ಮೈಯ ಶಾಖವೇ ಆ ದಾರಿಯಲ್ಲಿ ಹೊರಗೆ ಹೋಗುತ್ತದೆ; ನೀರಿನ ಅಂಚಿನಲ್ಲಿ ಅದು ಅಪಾಯ.

ಒಂದು ಸಂದರ್ಭದಲ್ಲಿ ಮಾತ್ರ ಕಾಕಾ ತಾವಾಗಿಯೇ ಕೈ ಒದ್ದೆ ಮಾಡಿಕೊಳ್ಳುತ್ತಾರೆ. ಎಂಟರ ಸುಮಾರಿಗೆ ಗೇಣುದ್ದದ ರೋಹು ಮರಿಯೊಂದು ಸಿಕ್ಕಿತು. ಅವರು ಕೈಗವಸು ಕಳಚಿ, ಎರಡೂ ಕೈಗಳನ್ನು ನೀರಿನಲ್ಲಿ ಪೂರ್ತಿ ಅದ್ದಿ, ಆಮೇಲೆ ಮರಿಯನ್ನು ಹಿಡಿದು ಕೊಕ್ಕೆ ಬಿಡಿಸಿದರು. ಒಣ ಕೈಗೂ ಉಣ್ಣೆಗೂ ಮೀನಿನ ಮೈಯ ಲೋಳೆ ಅಂಟಿ ಕಿತ್ತುಬರುತ್ತದೆ. ರೋಗ ತಗಲದಂತೆ ಮೀನನ್ನು ಕಾಯುವುದೇ ಆ ಲೋಳೆ. ಮರಿಯ ಮುಖವನ್ನು ನೀರೊಳಗೆ ಹಿಡಿದು, ಅದು ಬಾಲ ಬೀಸಿ ತಾನಾಗಿ ಬಿಡಿಸಿಕೊಂಡು ಹೋಗುವವರೆಗೂ ಅಂಗೈ ತೆರೆದೇ ಇಟ್ಟಿದ್ದರು. ಆಮೇಲೆ ಮೊಣಕಾಲಿನ ಬಟ್ಟೆ, ಹೆಗಲಿನ ಬಟ್ಟೆ, ಎದೆಯ ಬಟ್ಟೆ. ನಡುವೆ ಒಂದು ಮಾತೂ ಆಡಲಿಲ್ಲ.

ಹತ್ತರ ನಂತರ ದಂಡೆಯ ತೆಳುನೀರು ಬಿಸಿಲಿಗೆ ಕಾದು, ಉಳಿದ ಎರಡು ಮೀನುಗಳು ಅಲ್ಲಿಯೇ ಸಿಕ್ಕವು. ದೊಡ್ಡದು ಎರಡು ಕಿಲೋ ಹತ್ತಿರ ತೂಗಿತು. ಅದರ ಮೊದಲ ಒತ್ತಡ ನನ್ನ ತೋರುಬೆರಳಿಗೆ ಸ್ಪಷ್ಟವಾಗಿ ತಿಳಿಯಿತು: ದಾರದ ಮೇಲೆ ನೊಣ ಕೂತು ಎದ್ದಷ್ಟು.

ಬಟ್ಟೆಗಳನ್ನು ಒಗೆದು ಗ್ಯಾಲರಿಯಲ್ಲಿ ಒಣಹಾಕಿದ್ದೇನೆ. ಸಂಜೆ ಕಾಕಾ ಕೆಳಗಿಳಿದು ಬಂದು, ಕಂಬಳಿಯ ತುಂಡೊಂದು ಉಳಿದಿದೆ, ಮಣಿಕಟ್ಟಿನ ಪಟ್ಟಿಗೆ ಸಾಕಾಗುತ್ತದೆ ಎಂದು ಕೊಟ್ಟು ಹೋದರು. ಸಾದಾ ಸೂಜಿ ಅದಕ್ಕೆ ಇಳಿಯಲಿಲ್ಲ. ಅಮ್ಮನ ಡಬ್ಬಿಯಲ್ಲಿ ದಬ್ಬಣ ಸಿಕ್ಕಿದೆ. ಬಲಗೈಯದು ಹೊಲಿದಾಯಿತು, ಎಡಗೈಯದು ನಾಳೆ.