ಶನಿವಾರದ ಮಂಕೀಸ್

ರಾತ್ರಿ ನಿದ್ದೆ ಬರದೆ 'ದ ಮಂಕೀಸ್' ಹಾಕ್ಕೊಂಡು ಕೂತಿದ್ದೆ. ಅದೇ, ಬ್ಯಾಂಡ್ ಕಟ್ಟಿ ಹೆಸರು ಮಾಡೋಕೆ ಒದ್ದಾಡೋ ನಾಲ್ಕು ಹುಡುಗರ ಅಮೆರಿಕನ್ ಟಿವಿ ಕಾಮಿಡಿ. 1966ರಲ್ಲಿ ಎನ್‌ಬಿಸಿ ಚಾನೆಲ್‌ನಲ್ಲಿ ಶುರುವಾಗಿ, ಎಮ್ಮಿ ಪ್ರಶಸ್ತಿನೂ ಹೊಡ್ಕೊಂಡು, 1968ಕ್ಕೆ ಗಂಟುಮೂಟೆ ಕಟ್ಟಿತು. ಒಟ್ಟು 58 ಕಂತು, ಅಷ್ಟೇ.

ಆದ್ರೆ ಮಜಾ ಇರೋದು ಆಮೇಲೆ. 1969ರಿಂದ ಸಿಬಿಎಸ್ ಚಾನೆಲ್ ಇದನ್ನ ಶನಿವಾರ ಮಕ್ಕಳ ಕಾರ್ಟೂನ್ ಜೊತೆ ಮರುಪ್ರಸಾರ ಮಾಡ್ತು. ಮಾಡೋವಾಗ ಕೆಲವು ಕಂತುಗಳಲ್ಲಿ ಹಳೇ ಹಾಡು ತೆಗೆದು, ಆಗ ಮಾರಬೇಕಿದ್ದ ಇದೇ ಬ್ಯಾಂಡಿನ ಹೊಸ ರೆಕಾರ್ಡಿನ ಹಾಡು ತುರುಕಿದ್ರು! (ಶೋನ ಬ್ಯಾಂಡ್ ನಿಜವಾಗ್ಲೂ ರೆಕಾರ್ಡ್ ಬಿಡ್ತಿತ್ತು.) ನಾಲ್ವರಲ್ಲಿ ಒಬ್ಬ ಪೀಟರ್ ಟಾರ್ಕ್ 1968ರ ಕೊನೆಗೇ ಬ್ಯಾಂಡ್ ಬಿಟ್ಟಾಗಿತ್ತು. 1970ರ ಆಲ್ಬಮ್ ಹೊತ್ತಿಗೆ ಉಳಿದಿದ್ದು ಮಿಕಿ, ಡೇವಿ ಇಬ್ಬರೇ. ಪರದೆ ಮೇಲೆ ಮಾತ್ರ ನಾಲ್ಕೂ ಜನ ಕುಣಿತಿದ್ದಾರೆ, ಪೀಟರ್ ಹಲ್ಲು ಕಿರಿತಾ ಗಿಟಾರ್ ಬಾರಿಸ್ತಿದ್ದಾನೆ, ತಾನು ಇಲ್ಲದೇ ಇರೋ ಹಾಡಿಗೆ. ತುಟಿ ಒಂದು ಕಡೆ, ದನಿ ಇನ್ನೊಂದು ಕಡೆ. (ನಮ್ಮ ಡಬ್ಬಿಂಗ್ ಸಿನಿಮಾಗಳನ್ನ ಬೈಯೋದು ಸ್ವಲ್ಪ ಕಮ್ಮಿ ಮಾಡ್ಬೇಕು ನಾನು.)

ಆಮೇಲೆ ಎಬಿಸಿ, ಊರೂರ ಸ್ಥಳೀಯ ಚಾನೆಲ್‌ಗಳು. 1986ರ ಫೆಬ್ರವರಿಯಲ್ಲಿ ಒಂದು ಭಾನುವಾರ ಎಂಟಿವಿ ಕಂತಿನ ಮೇಲೆ ಕಂತು ಹಾಕಿ, ಶೋ ನಿಂತಾಗ ಹುಟ್ಟೇ ಇರದ ಹುಡುಗರು ಹುಚ್ಚೆದ್ದರು. ಅದೇ ವರ್ಷ ಟೂರ್ ಹೊರಟಾಗ ಪೀಟರ್ ಕೂಡ ವಾಪಸ್ ಬಂದಿದ್ದ.

ಈಗ ನಾಲ್ವರಲ್ಲಿ ಮಿಕಿ ಒಬ್ಬರೇ ಬದುಕುಳಿದಿದ್ದಾರೆ. ಗಂಟೆ ಎರಡಾಗಿದೆ, ಇನ್ನೊಂದೇ ಒಂದು ಕಂತು ನೋಡಿ ಮಲಗ್ತೀನಿ.