ಈ ವಾರ ಯಾವ ಮರದ ಸರದಿ?

ನನ್ನ ಮನೆ ಜಯನಗರದಲ್ಲಿ, ಕೆಲಸ ಕಬ್ಬನ್ ಪಾರ್ಕ್ ಹತ್ತಿರದ ಒಂದು ಆಫೀಸಿನ ಅಕೌಂಟ್ಸ್ ವಿಭಾಗದಲ್ಲಿ. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದ ಕೂಡಲೇ ಫೋನ್ ಬ್ಯಾಗಿಗೆ ಹೋಗುತ್ತದೆ. ಆ ಹೊತ್ತು ಪೂರ್ತಿ ಮರಗಳಿಗೆ.

ಇದನ್ನು ಕಲಿಸಿದ್ದು ಅತ್ತೆ. ಮಂಡಿ ನೋವು ಜಾಸ್ತಿಯಾಗಿ ಅವರ ಓಡಾಟ ಮನೆಯೊಳಗೇ ಉಳಿಯಿತು. "ಹೊರಗೆ ಏನು ಹೂ ಬಿಟ್ಟಿದೆ, ನೋಡ್ಕೊಂಡು ಬಾಮ್ಮ" ಅಂದರು. ಸಂಜೆ ಕಾಫಿ ಹೊತ್ತಿಗೆ ಹೇಳಬೇಕಲ್ಲ, ಹಾಗಾಗಿ ಕಣ್ಣು ತಾನಾಗಿಯೇ ಹುಡುಕತೊಡಗಿತು. ಮೊದಲು "ಗುಲಾಬಿ ಬಣ್ಣದ ಮರ" ಅನ್ನುತ್ತಿದ್ದೆ. ಆಮೇಲೆ ಟಬೂಬಿಯಾ ಅಂತ ಹೆಸರು ಕಲಿತೆ. ಹೆಸರು ಗೊತ್ತಾದ ಮೇಲೆ ಸಂತೆಯಲ್ಲಿ ನಮ್ಮೂರಿನವರು ಸಿಕ್ಕಷ್ಟು ಖುಷಿ.

ಈ ಖುಷಿಯ ಹಿಂದೆ ಒಬ್ಬರ ಯೋಚನೆ ಇದೆ. ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್ 1908ರಲ್ಲಿ ಬೆಂಗಳೂರಿಗೆ ಬಂದು ಲಾಲ್‌ಬಾಗ್ ನೋಡಿಕೊಂಡರು. ಒಂದು ಜಾತಿಯ ಹೂ ಮುಗಿಯುವಾಗ ಇನ್ನೊಂದು ಅರಳಬೇಕು, ಊರು ವರ್ಷವಿಡೀ ಬಣ್ಣವಾಗಿರಬೇಕು ಅಂತ ರಸ್ತೆಗಳಿಗೆ ಮರ ಆರಿಸಿದವರು ಅವರು. ನೆಟ್ಟ ಗಿಡ ದೊಡ್ಡದಾಗಿ ಹೂ ಬಿಡಲು ಎಷ್ಟು ವರ್ಷ ಬೇಕು! ಯಾರೋ ಮುಂದೆ ನೋಡಲಿ ಅಂತ ನೆಟ್ಟದ್ದು. ಆ ಯಾರೋ ನಾನು, ಅನ್ನಿಸಿದಾಗ ಮನಸ್ಸು ತುಂಬಿ ಬರುತ್ತದೆ.

ಟಬೂಬಿಯಾ ಎಲೆ ಉದುರಿಸಿ ಬರೀ ಹೂವಾಗಿ ನಿಲ್ಲುತ್ತದೆ. ಅದರ ಬೆನ್ನಿಗೆ ನೀಲಿ ಜಕರಂಡಾ, ಬೇಸಿಗೆ ಏರಿದಂತೆ ಗುಲ್‌ಮೊಹರ್, ಹೊಳೆದಾಸವಾಳ. ಚಳಿ ಶುರುವಾಗುವ ಹೊತ್ತಿಗೆ ಆಕಾಶಮಲ್ಲಿಗೆ. ಬಿದ್ದ ಹೂ ಕರ್ಚೀಫಿನಲ್ಲಿ ಕಟ್ಟಿ ತಂದರೆ, ಅತ್ತೆ ಅದರ ಉದ್ದ ತೊಟ್ಟುಗಳನ್ನೇ ಜಡೆಯಂತೆ ಹೆಣೆಯುತ್ತಾರೆ. ದಾರ ಬೇಡ. ಮನೆಯೆಲ್ಲ ಘಮ ಘಮ.

ಹೊಸ ಸೋಫಾ ಬಂದಾಗ ನಾವೆಲ್ಲ ಕುಣಿದಿದ್ದೆವು. ಈಗ ಅದು ಮನೆಯಲ್ಲಿದೆ ಅನ್ನುವುದೇ ನೆನಪಿರುವುದಿಲ್ಲ. ಸುಖಕ್ಕೆ ಮನಸ್ಸು ಹೀಗೆ ಒಗ್ಗಿಹೋಗುವುದರ ಬಗ್ಗೆ ಬ್ರಿಕ್‌ಮನ್, ಕ್ಯಾಂಪ್‌ಬೆಲ್ ಎಂಬ ಮನಶ್ಶಾಸ್ತ್ರಜ್ಞರು 1971ರಲ್ಲೇ ಬರೆದಿದ್ದಾರೆ. ಹೂವಿನ ವಿಷಯದಲ್ಲಿ ಒಗ್ಗಿಹೋಗಲು ಸಮಯವೇ ಸಿಗುವುದಿಲ್ಲ, ಅಲ್ವಾ? ಕೆಲವೇ ವಾರ, ಆಮೇಲೆ ಒಂದು ವರ್ಷ ಕಾಯಬೇಕು. ನನಗೆ ಆ ಕಾಯುವುದೂ ಇಷ್ಟ. ಜೊತೆಗೆ, ಕೇಳುವವರು ಮನೆಯಲ್ಲಿದ್ದರೆ ಕಂಡದ್ದು ಎರಡು ಸಲ ಸಿಕ್ಕಂತೆ. "ಹೊಂಗೆ ಚಿಗುರಿದೆ ಅತ್ತೆ" ಅಂದರೆ ಸಾಕು, "ಹಾಗಾದ್ರೆ ಯುಗಾದಿ ಬಂತು" ಅಂತ ಬೇವು-ಬೆಲ್ಲ, ಹೋಳಿಗೆ ಎಲ್ಲ ಮಾತಿಗೆ ಬರುತ್ತವೆ.

ಮೊನ್ನೆ ಅವರು ಮುತ್ತುಗ ಕೇಳಿದರು. ತುಮಕೂರು ಕಡೆ ಅವರ ತವರಿನಲ್ಲಿ ಮುತ್ತುಗದ ಎಲೆಯಲ್ಲೇ ಊಟವಂತೆ, ಹೂ ಬಿಟ್ಟರೆ ಗುಡ್ಡವೆಲ್ಲ ಕೆಂಡದ ಬಣ್ಣವಂತೆ. ನನ್ನ ಬಸ್ಸಿನ ದಾರಿಯಲ್ಲಿ ಒಂದೂ ಕಂಡಿಲ್ಲ. ಬೆಂಗಳೂರಿನಲ್ಲಿ ಆಟೋ ಹೋಗುವ ಜಾಗದಲ್ಲಿ ಮುತ್ತುಗ ನೋಡಿದ್ದರೆ ದಯವಿಟ್ಟು ತಿಳಿಸಿ. ಅತ್ತೆಯನ್ನು ಕರೆದುಕೊಂಡು ಹೋಗಬೇಕು.